ಎರಡು ಪಟ್ಟಿಗಳ ನಡುವಿನ ತುಕ್ಕು

ವೆಲ್ಡರ್ ಹುಲಗೇಶ ಬಸವಣ್ಣೆಪ್ಪನ ಪಿಕಪ್ ಗಾಡಿಯ ಅಡಿಗೆ ಅಂಗಾತ ಮಲಗಿ, ಭಾರ ಹೊರುವ ಚಾಸಿಯ ಎಡಪಟ್ಟಿಗೆ ಸ್ಕ್ರೂಡ್ರೈವರಿನಿಂದ ತಿವಿದ. ಅದು ಹಿಡಿಕೆಯವರೆಗೂ ಒಳಗೆ ಹೋಯಿತು. ಕೆಂಪು ಹಕ್ಕಳೆಗಳು ಅವನ ಮುಖದ ಮೇಲೆ, ತುಟಿಯ ಮೇಲೆ ಉದುರಿದವು.

ಥೂ ಥೂ ಎಂದು ಉಗುಳುತ್ತ ಹೊರಗೆ ಬಂದ. "ಇದು ಕಬ್ಬಿಣ ಅಲ್ರಿ ಸಾವ್ಕಾರ್ರ, ನೆನದ ಹಪ್ಪಳ. ಲೋಡ್ ಇದ್ದಾಗ ಮುರದ್ರ ಗಾಡಿ ಎರಡು ತುಂಡಾಗತೈತಿ."

ಬಸವಣ್ಣೆಪ್ಪನಿಗೆ ಸವಣೂರಿನಲ್ಲಿ ಎಲೆಬಳ್ಳಿಯ ತೋಟವಿತ್ತು. ತನ್ನ ಮತ್ತು ಅಕ್ಕಪಕ್ಕದವರ ವೀಳ್ಯದೆಲೆಯನ್ನು ದಿನಾ ಹುಬ್ಬಳ್ಳಿಗೆ ಒಯ್ಯಲು ಈ ಗಾಡಿ ತಂದು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಪ್ರತಿ ಸೋಮವಾರ ಅದನ್ನು ತಿಕ್ಕಿ ತೊಳೆದ ಮೇಲೆಯೇ ಅವನ ಸ್ನಾನ. ಮೇಲಿನ ಬಿಳಿ ಬಣ್ಣ ಈಗಲೂ ಮಿಂಚುತ್ತಿತ್ತು. ಅಡಿಯಲ್ಲಿ ಮಾತ್ರ ಕೊಳೆತ ಹುಣ್ಣು.

ಮೂರು ವರ್ಷ ತುಕ್ಕಿನ ಗ್ಯಾರಂಟಿ ಎಂದು ಕಂಪನಿಯವರೇ ಬರೆದುಕೊಟ್ಟಿದ್ದರು. ಹಾವೇರಿಯ ಶೋರೂಮಿನಲ್ಲಿ ನಾಲ್ಕು ಫೋಟೊ ತೆಗೆದು ಕಂಪನಿಗೆ ಕಳಿಸಿದರು. ಹದಿನೈದು ದಿನಕ್ಕೆ ಇಂಗ್ಲಿಷಿನಲ್ಲಿ ಪತ್ರ ಬಂತು. ಮಗಳು ತನುಜಾ ಓದಿ ಹೇಳಿದಳು: "ಉಪ್ಪುಮೀನು ಹೇರಿದ್ದಕ್ಕ ತುಕ್ಕು ಹಿಡದೈತಂತ ಅಪ್ಪಾ. ಗ್ಯಾರಂಟಿ ಇಲ್ಲಂತ."

"ಮೀನ?" ಹೆಂಡತಿ ವೀರವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು. "ನಮ್ಮ ಗಾಡ್ಯಾಗ?"

ಮರುದಿನ ಪತ್ರ ಹಿಡಿದು ಶೋರೂಮಿಗೆ ಹೋದಾಗ ಅಲ್ಲಿನ ಮ್ಯಾನೇಜರ್ ನಕ್ಕ. "ಕರಾವಳಿ ಮಂದಿಗೆ ಬರದದ್ದನ್ನ ಹಂಗ ನಿಮಗೂ ಕಳಿಸ್ಯಾರ ನೋಡ್ರಿ. ಮೀನು ತಗದು ಹಸಿ ಎಲಿ ಅಂತ ಹಾಕಿಸಿ ಕೊಡತೇನಿ. ಉತ್ತರ ಮಾತ್ರ ಅದ ಇರತೈತಿ."

ಬಸವಣ್ಣೆಪ್ಪನಿಗೆ ಆ ನಗು ತುಕ್ಕಿಗಿಂತ ಹೇಸಿಗೆ ಎನಿಸಿತು.

ಊರಿಗೆ ಬಂದವನು ನೇರ ಓಣಿಯ ಹುಡುಗ ರೆಹಾನ ಕುರುಕಲು ಖಾರ ಕರಿಯುವ ಭಟ್ಟಿಗೆ ಹೋದ. ಅವನದೂ ಅದೇ ಕಂಪನಿಯ ಗಾಡಿ, ಇವನದಕ್ಕಿಂತ ನಾಲ್ಕು ತಿಂಗಳು ಹಳೆಯದು. ಹೇರುವುದು ಬರೀ ಖಾರದ ಪಾಕೀಟು. ಹನಿ ನೀರು ತಾಗಿದರೆ ಮಾಲು ಮೆತ್ತಗಾಗುತ್ತದೆಂದು ತಾಡಪತ್ರಿ ಕಟ್ಟದೆ ಅವನು ಹೊರಡುತ್ತಲೇ ಇರಲಿಲ್ಲ. ಹುಲಗೇಶನನ್ನು ಕರೆಸಿ ಅಡಿಗೆ ಇಳಿಸಿದರು. ಅದೇ ಎಡಗಡೆ, ಅದೇ ಜಾಗ, ಅಷ್ಟೇ ದೊಡ್ಡ ತೂತು.

"ಎರಡು ಪಟ್ಟಿ ಕೂಡೋ ಸಂದಿಗೆ ಬಣ್ಣನ ಹೊಡದಿಲ್ರಿ," ಎಂದ ಹುಲಗೇಶ. "ರಸ್ತೆ ನೀರು ಒಳಗ ಹೋಗತೈತಿ, ಹೊರಗ ಬರಾಕ ದಾರಿ ಇಲ್ಲ. ನೀವು ಹತ್ತಿ ಹೇರ್ರಿ, ಹೂವು ಹೇರ್ರಿ, ಇದು ಕೊಳಿಯೂದ."

ಕಂಪನಿಯ ಎಂಜಿನಿಯರ್ ಬರುವ ದಿನ ಕೇಳಿಕೊಂಡು ಇಬ್ಬರೂ ಎರಡೂ ಗಾಡಿ ಶೋರೂಮಿಗೆ ಒಯ್ದರು. ಎಂಜಿನಿಯರ್ ಗಾಡಿಯ ಹತ್ತಿರವೂ ಬರಲಿಲ್ಲ. ಬಸವಣ್ಣೆಪ್ಪನೊಬ್ಬನನ್ನೇ ಕ್ಯಾಬಿನ್ನಿಗೆ ಕರೆದು ಚಹಾ ತರಿಸಿದ.

"ನಿಮ್ಮ ಚಾಸಿ ಬದಲಾಯಿಸಿ ಕೊಡ್ತೀವಿ. ತಪ್ಪು ಕಂಪನಿಯದಲ್ಲ, ಯಾರಿಗೂ ಹೇಳಲ್ಲ ಅಂತ ಇಲ್ಲಿ ಸಹಿ ಮಾಡಿ."

"ರೆಹಾನಂದು?"

"ಅವರ ಗ್ಯಾರಂಟಿ ಹೋದ ತಿಂಗಳೇ ಮುಗಿದಿದೆ." ಎಂಜಿನಿಯರ್ ದನಿ ತಗ್ಗಿಸಿದ. "ಆ ಸಂದಿಯ ವಿಷಯ ನಮಗೆ ಗೊತ್ತಿರೋದೇ. ಮುಂದೆ ಬರೋ ಗಾಡಿಗಳಲ್ಲಿ ಸರಿ ಮಾಡ್ತಿದೀವಿ."

"ಗೊತ್ತಿತ್ತು?" ಬಸವಣ್ಣೆಪ್ಪ ಲೋಟ ಕೆಳಗಿಟ್ಟ. "ಹಂಗಾರ ಹಳೇ ಗಾಡಿಯವ್ರಿಗೆ ಯಾಕ ಹೇಳಲಿಲ್ಲ?"

"ಎಲ್ಲರನ್ನೂ ಕರೆಯೋಕಾಗುತ್ತಾ? ಬಹಳ ಜನ ತಾವೇ ವೆಲ್ಡಿಂಗ್ ಮಾಡಿಸ್ಕೊಂಡು ಸುಮ್ಮನಾಗ್ತಾರೆ."

ಬಸವಣ್ಣೆಪ್ಪ ಎದ್ದು, ಲೋಟದಲ್ಲಿ ಉಳಿದ ಚಹಾವನ್ನು ಕಿಟಕಿಯಾಚೆ ಚೆಲ್ಲಿದ. ಕಾಗದ ಸಹಿಯಿಲ್ಲದೆ ಮೇಜಿನ ಮೇಲೆಯೇ ಉಳಿಯಿತು.

ಹೊರಗೆ ಚಿಕ್ಕೇರೂರಿನ ಚಂದ್ರಪ್ಪ ಎಂಬಾತ ಹೊಸ ಗಾಡಿ ಒಯ್ಯಲು ಬಂದಿದ್ದ. ಬಾನೆಟ್ಟಿಗೆ ಹೂವಿನ ಮಾಲೆ ಹಾಕಿತ್ತು. ಅವನ ಹೆಂಡತಿ ಹುಚ್ಚವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವರಿಗೂ ಕೇಳುವಂತೆ ಬಸವಣ್ಣೆಪ್ಪ ರೆಹಾನನಿಗೆ ಒಳಗಿನ ಮಾತೆಲ್ಲ ಹೇಳಿದ. ಆಮೇಲೆ ಚಂದ್ರಪ್ಪನ ಕಡೆ ತಿರುಗಿದ. "ಆರತಿ ಮಾಡೂಕಿಂತ ಮದ್ಲ ಒಮ್ಮೆ ಅಡಿಗೆ ನೋಡ್ರಿ."

"ಗಿರಾಕಿ ಕೆಡಸಬ್ಯಾಡ್ರಿ!" ಮ್ಯಾನೇಜರ್ ಓಡಿ ಬಂದ.

ಚಂದ್ರಪ್ಪ ಅವನನ್ನು ಸರಿಸಿ, ಹೊಸ ಧೋತರದಲ್ಲೇ ನೆಲಕ್ಕೆ ಮಲಗಿ ಒಳಗೆ ತೂರಿದ. ಹೊರಬಂದಾಗ ಬೆರಳು ಕೆಂಪಗಿತ್ತು. ಮಳೆಗಾಲವಿಡೀ ಶೋರೂಮಿನ ಬಯಲಿನಲ್ಲಿ ನಿಂತಿದ್ದ ಗಾಡಿ ಅದು. ಓಡುವ ಮೊದಲೇ ಸಂದಿಯಲ್ಲಿ ತುಕ್ಕು.

"ಇದನ್ನ ನನಗ ಹೊಸಾದು ಅಂತ ಕೊಡಾಕತ್ತೀರೇನ?" ಎಂದ ಚಂದ್ರಪ್ಪ. ಹುಚ್ಚವ್ವ ಆರತಿಯ ದೀಪ ಆರಿಸಿದಳು. ಗಾಡಿ ಅಲ್ಲೇ ಬಿಟ್ಟು ಗಂಡ ಹೆಂಡತಿ ಬಸ್ಸಿಗೆ ನಡೆದರು.

ಬಸವಣ್ಣೆಪ್ಪ, ರೆಹಾನ, ಕಟ್ಟಿದ ಹಣ ವಾಪಸು ಸಿಗದ ಚಂದ್ರಪ್ಪ ಮೂವರೂ ಕೂಡಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಎರಡು ಸಲ ಕಂಪನಿಯ ವಕೀಲರು ವಾಯಿದೆ ಕೇಳಿದರು. ಸಂದಿಗೆ ಹುಲಗೇಶ ದಪ್ಪ ತಗಡು ಹಚ್ಚಿಕೊಟ್ಟಿದ್ದ. ಬಸವಣ್ಣೆಪ್ಪ ಅರ್ಧ ಲೋಡು ಮಾತ್ರ ಹೇರಿ, ರಸ್ತೆಯುಬ್ಬು ಬಂದಲ್ಲೆಲ್ಲ ಉಸಿರು ಬಿಗಿಹಿಡಿದು ಓಡಿಸುತ್ತಿದ್ದ.

ಒಂದು ದಿನ ರೆಹಾನ ತೋಟಕ್ಕೇ ಬಂದ. ಶೋರೂಮಿನ ಹಿಂದಿನ ಬಯಲಿನಲ್ಲಿ ಅವನು ತೆಗೆದ ವಿಡಿಯೊ ಮೊಬೈಲಿನಲ್ಲಿತ್ತು. ಸಾಲಾಗಿ ನಿಂತ ಹೊಸ ಗಾಡಿಗಳ ಅಡಿಗೆ ಇಬ್ಬರು ಕೆಲಸಗಾರರು ತುಕ್ಕು ಕೆರೆಯದೆಯೇ ಅದರ ಮೇಲೆ ಕರಿ ಬಣ್ಣ ಹೊಡೆಯುತ್ತಿದ್ದರು. ಪಕ್ಕದಲ್ಲಿ ನಿಂತ ಮ್ಯಾನೇಜರ್ ಎಲ್ಲೆಲ್ಲಿ ಇನ್ನೂ ಕೆಂಪು ಕಾಣುತ್ತಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದ.

"ಪೂರಾ ನೋಡ್ರಿ ಕಾಕಾ, ಇನ್ನೂ ಐತಿ."

"ಬ್ಯಾಡೋ ತಮ್ಮಾ, ಇಷ್ಟ ಸಾಕು," ಎಂದು ಬಸವಣ್ಣೆಪ್ಪ ಮೊಬೈಲು ವಾಪಸು ಕೊಟ್ಟ. "ಆಯೋಗದವ್ರು ನೋಡ್ಲಿ. ನಡಿ, ಇವತ್ತ ನಮ್ಮ ವಕೀಲರಿಗೆ ಕೊಟ್ಟು ಬರೂಣು."