ಹೊರಮುಖದ ಹೊಲಿಗೆ

“ಬೇಡ, ಚುಚ್ಚುತ್ತೆ!” ಎಂದು ಗುಬ್ಬಿ ಹೊಸ ಫ್ರಾಕನ್ನು ಕಿತ್ತೆಸೆದಾಗ ದರ್ಜಿಯ ಮುಖ ಸಪ್ಪಗಾಯಿತು. ಬೀದಿಯವರೆಲ್ಲ ಅವನ ಹೊಲಿಗೆಯನ್ನೇ ಹುಡುಕಿಕೊಂಡು ಬರುವಾಗ ನಾಲ್ಕು ವರ್ಷದ ಸ್ವಂತ ಮಗಳಿಗೇ ಅದು ಆಗದು.

“ತಲೆ ಮೇಲೆ ಕೂರಿಸ್ಕೊಂಡಿದ್ದೀರಿ,” ಎಂದಳು ಅವನ ತಾಯಿ. “ಹೊರಗೆ ಚಿನ್ನದಂಥ ಮಗು. ಮನೇಲಿ ಮಾತ್ರ ಈ ರಂಪ.”

ಅದೂ ನಿಜವೇ. ಶಿಶುವಿಹಾರದಲ್ಲಿ ಪಕ್ಕದ ಹುಡುಗಿ ನಕ್ಕರೆ ಗುಬ್ಬಿ ನಗುತ್ತಿದ್ದಳು, ಕೈ ಬೀಸಿದರೆ ಬೀಸುತ್ತಿದ್ದಳು. ಮನೆಗೆ ಬಂದೊಡನೆ ಮಂಚದ ಕೆಳಗೆ ತೂರಿ ಅಳು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಹೊಟ್ಟೆನೋವು.

ಆ ಹೊಟ್ಟೆನೋವಿಗೆಂದೇ ಗಂಡಹೆಂಡಿರು ಅವಳನ್ನು ಮಕ್ಕಳ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಮಲಬದ್ಧತೆಗೆ ಔಷಧಿ ಬರೆದು, ನೆಲದ ಮೇಲೆ ಕೂತು ಬೊಂಬೆಯ ಜೊತೆ ಆಡಲು ಕರೆದರು. ಗುಬ್ಬಿ ಬೊಂಬೆಗೆ ಉಣಿಸುತ್ತ, ತನಗೆ ಉಣಿಸುವಾಗ ಅಜ್ಜಿ ಆಡುವ ಮಾತನ್ನು ಅಜ್ಜಿಯ ದನಿಯಲ್ಲೇ ಒಪ್ಪಿಸಿದಳು. ಬೇರೆ ಆಟ ಹೂಡಿದರೂ ಅದೇ ಮಾತು, ಅದೇ ರಾಗ. ಮತ್ತೆ ಮತ್ತೆ ಕರೆಸಿ, ಮನೆಯ ಸಂಗತಿಯನ್ನೆಲ್ಲ ಕೇಳಿಕೊಂಡ ಮೇಲೆ ಡಾಕ್ಟರಮ್ಮ ಹೇಳಿದರು:

“ಇದು ಆಟಿಸಂ. ನಿದ್ದೆಗೇಡು, ಹೊಟ್ಟೆನೋವು, ಅಂಜಿಕೆ ಇವೆಲ್ಲ ಎಷ್ಟೋ ಸಲ ಅದರ ಜೊತೆಗೇ ಇರುತ್ತೆ. ಒಂದೊಂದನ್ನೂ ನೋಡ್ಕೋಬೇಕು.”

“ಅದು ಗಂಡುಮಕ್ಕಳಿಗೆ ಬರೋದಲ್ವಾ ಮೇಡಂ?” ಗುಬ್ಬಿಯ ಅಮ್ಮ ಕೇಳಿದಳು.

“ಹೆಣ್ಣುಮಕ್ಕಳಲ್ಲೂ ಇರುತ್ತಮ್ಮ. ಕೆಲವರು ಇವಳ ಹಾಗೆ ಬೇರೆಯವರನ್ನ ನೋಡಿ ಕಲಿತು ಸಂಭಾಳಿಸ್ತಾರೆ. ನಾವು ‘ಎಷ್ಟು ಜಾಣೆ’ ಅಂದುಬಿಡ್ತೀವಿ. ಅವಳಿಗೆ ಅದು ದಿನವಿಡೀ ದುಡಿಮೆ.”

ಅಮ್ಮ ಕಣ್ಣೊರೆಸಿಕೊಂಡಳು. “ಹಾಗಾದ್ರೆ ನಾನು ಕೆಡಿಸಿದ್ದಲ್ಲ,” ಎಂದಳು ಮೆಲ್ಲಗೆ. ಎಷ್ಟೋ ದಿನದ ಭಾರ ಇಳಿದಂತಿತ್ತು.

ದರ್ಜಿಗೆ ಬೇರೆಯದೇ ಚಿಂತೆ. “ಚುಚ್ಚುತ್ತೆ ಅಂತಾಳಲ್ಲ ಮೇಡಂ, ನಿಜವಾಗ್ಲೂ ಚುಚ್ಚುತ್ತಾ?”

“ನಿಜವಾಗ್ಲೂ.”

ಅವನು ನೆಟ್ಟಗೆ ಅಂಗಡಿಗೆ ಹೋಗಿ, ತೊಳೆದು ತೊಳೆದು ಮೆತ್ತಗಾದ ಹತ್ತಿಬಟ್ಟೆ ಹುಡುಕಿ, ಹೊಲಿಗೆಯೆಲ್ಲ ಹೊರಗೆ ಬರುವಂತೆ ಫ್ರಾಕು ಹೊಲಿದ. ಗುಬ್ಬಿ ಅದನ್ನು ಸವರಿದಳು, ಮೂಸಿದಳು, ಕೆನ್ನೆಗೊತ್ತಿಕೊಂಡಳು. ಆಮೇಲೆ ತಾನೇ ತೊಟ್ಟುಕೊಂಡಳು.

“ಅಯ್ಯೋ, ಉಲ್ಟಾ ಹಾಕ್ಕೊಂಡಿದ್ದಾಳಲ್ಲೋ!” ಅಜ್ಜಿ ಬಾಯಿಬಿಟ್ಟಳು.

“ಅವಳಿಗೆ ಅದೇ ಸರಿ ಕಣಮ್ಮ.”

ಅಜ್ಜಿ ಕನ್ನಡಕ ಏರಿಸಿ ಮೊಮ್ಮಗಳ ಭುಜದತ್ತ ಬಾಗಿದಳು. ಅಲ್ಲೊಂದು ನೂಲಿನೆಳೆ ನೇತಾಡುತ್ತಿತ್ತು. ಗುಬ್ಬಿ ಅಲುಗದೆ ನಿಂತಳು. ಅಜ್ಜಿ ಅದನ್ನು ಹಲ್ಲಿನಿಂದ ಕಡಿದಳು.