‘ಇವತ್ತು ಇಳಿಯಲ್ಲ’ ಎಂದ ಸೊಸೆ

ಮನೆಯಲ್ಲಿ ಒಬ್ಬರಿಗೆ ಹೊಸ ಹವ್ಯಾಸ ಅಂಟಿಕೊಂಡರೆ ಉಳಿದವರ ನೆಮ್ಮದಿ ಹಾರಿಹೋಗುವುದು ಎಲ್ಲ ಬೀದಿಗಳಲ್ಲೂ ಇದ್ದದ್ದೇ. ಒಬ್ಬರ ಮಗ ಬೈಕಿನಲ್ಲಿ ಬೆಟ್ಟ ಹತ್ತುತ್ತಾನೆ, ಇನ್ನೊಬ್ಬರ ಮಗಳು ಬಂಡೆಗೆ ಹಗ್ಗ ಕಟ್ಟಿ ಜೋತಾಡುತ್ತಾಳೆ. ಈ ಮನೆಯ ಸೊಸೆ ಮಾತ್ರ ಹತ್ತುವವಳಲ್ಲ, ಇಳಿಯುವವಳು. ಊರಾಚೆ ಕೆಲಸ ನಿಂತ ಒಂದು ಕಲ್ಲುಗಣಿ ನೀರು ತುಂಬಿ ದೊಡ್ಡ ಕೆರೆಯಂತಾಗಿದೆ. ತಳದಲ್ಲಿ ಹಳೆಯ ಕ್ರೇನೊಂದು ನಿಂತಲ್ಲೇ ಮುಳುಗಿದೆ. ರಜೆ ಬಂದರೆ ಸೊಸೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆ ನೀರಿಗೆ ಇಳಿಯುತ್ತಾಳೆ. ಕೆಲವು ವರ್ಷಗಳಿಂದ ಹೀಗೇ ನಡೆದಿತ್ತು, ಅತ್ತೆಯೂ ಗೊಣಗುತ್ತಲೇ ಒಗ್ಗಿಕೊಂಡಿದ್ದರು.

ಅತ್ತೆಯದು ಗಾಡಿಗಳ ಸೀಟು ಕವರು ಹೊಲಿಯುವ ಕೆಲಸ. ಮುಂದಿನ ಕೋಣೆಯೇ ಅಂಗಡಿ. ಸೊಸೆ ಲಿಫ್ಟ್ ಮೆಕ್ಯಾನಿಕ್. ಮಗ ಸಿಟಿ ಬಸ್ಸಿನ ಡ್ರೈವರ್. ಅತ್ತೆ ಸೊಸೆಯರ ಮಾತು ಬಿಸಿಯೇರಿದರೆ ಅವನು ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ಮುಂದೆ ಹೋಗುವ ಜಾತಿ.

ಒಂದು ಸಂಜೆ ಊಟಕ್ಕೆ ಕೂತಾಗ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. “ಅತ್ತೆ, ಟೆಕ್ನಿಕಲ್ ಡೈವಿಂಗ್‌ದು ಮೊದಲನೇ ಕೋರ್ಸ್ ಮುಗೀತು. ಪಾಸಾದೆ.”

“ಮತ್ತೆ ಇಷ್ಟು ದಿನ ಇಳೀತಾ ಇದ್ದದ್ದು ಏನು? ನಾನ್‌ಟೆಕ್ನಿಕಲ್ಲಾ?”

ಮಗ ಕಿಸಕ್ಕೆಂದ. ತಾಯಿ ಅವನತ್ತ ನೋಡಿದರು. ಅವನು ತಟ್ಟೆಯತ್ತ ನೋಡಿದ.

“ಅದು ಸಾಮಾನ್ಯ ಡೈವಿಂಗ್ ಅತ್ತೆ. ಅದರಲ್ಲಿ ಏನಾದ್ರೂ ಎಡವಟ್ಟಾದ್ರೆ ನಿಧಾನಕ್ಕೆ ಮೇಲೆ ಬಂದುಬಿಡಬಹುದು. ಇದು ಇನ್ನೂ ಆಳ, ಇನ್ನೂ ಹೆಚ್ಚು ಹೊತ್ತು. ಅಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಕರಗಿಬಿಡುತ್ತೆ. ಸೋಡಾ ಬಾಟ್ಲಿ ಮುಚ್ಚಳ ಒಮ್ಮೆಗೇ ತೆಗೆದ್ರೆ ಹೆಂಗೆ ನೊರೆ ಉಕ್ಕುತ್ತೆ? ಸೀದಾ ಮೇಲೆ ಬಂದ್ರೆ ಮೈಯೊಳಗೂ ಹಂಗೇ ಗುಳ್ಳೆ ಏಳುತ್ತೆ. ಅದಕ್ಕೆ ಅಲ್ಲಲ್ಲಿ ನಿಂತು, ಕಾದು ಬರಬೇಕು.”

“ಅಂದ್ರೆ ತೊಂದರೆ ಆದ್ರೂ ಮೇಲೆ ಬರೋ ಹಾಗಿಲ್ಲ.”

“ತಕ್ಷಣ ಬರೋ ಹಾಗಿಲ್ಲ. ನೀರೊಳಗೇ ಸರಿ ಮಾಡ್ಕೋಬೇಕು. ಅದಕ್ಕೇ ಮುಖ್ಯವಾದದ್ದೆಲ್ಲ ಎರಡೆರಡು ಒಯ್ಯೋದು. ಜೊತೆಗೆ ಒಬ್ರು ಇರಲೇಬೇಕು.”

“ಯಾರು ಆ ಒಬ್ರು?”

ಸೊಸೆ ಲೋಟ ಎತ್ತಿ ನೀರು ಕುಡಿದಳು. ಕುಡಿಯುತ್ತಲೇ ಇದ್ದಳು. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು.

“ನನ್ನ ಬ್ಯಾಚಿನವರೆಲ್ಲ ದೂರದ ಊರಿನವರು ಅತ್ತೆ. ಫೋನಲ್ಲಿ ಡೈವಿಂಗ್‌ನವರ ಗುಂಪು ಒಂದಿದೆ, ಅಲ್ಲಿ ಒಬ್ರು ಸಿಕ್ಕಿದಾರೆ. ತುಂಬಾ ಅನುಭವ ಇರೋರು. ಎಲ್ಲರೂ ಅವರನ್ನ ತಿಮಿಂಗಿಲ ಅಂತಾರೆ. ಭಾನುವಾರ ಕ್ರೇನ್ ತನಕ ಹೋಗೋಣ ಬನ್ನಿ ಅಂದ್ರು.”

“ಮುಖ ನೋಡಿದೀಯಾ?”

“ಫೋಟೋ ನೋಡಿದೀನಿ.”

“ನೀನೇನಂದೆ?”

“ಆಯ್ತು ಅಂದೆ.”

“ಅಂತೀಯಮ್ಮ, ಅಂತೀಯ. ನೀನು ಯಾರಿಗೆ ತಾನೆ ಆಗಲ್ಲ ಅಂದಿದೀಯ?”

ಅದೇ ಅತ್ತೆಯ ಸಂಕಟ. ಸೊಸೆಯ ಬಾಯಲ್ಲಿ ‘ಬೇಡ’ ಎಂಬ ಮಾತು ಹುಟ್ಟುತ್ತಿರಲಿಲ್ಲ. ಬೀದಿಯವರ ಕೆಟ್ಟ ಮಿಕ್ಸಿ, ಕೆಟ್ಟ ಫ್ಯಾನು ಎಲ್ಲ ಈ ಮನೆಯ ಬಾಗಿಲಲ್ಲಿ ಸಾಲುಗಟ್ಟಿ ಕೂತಿದ್ದವು. ಛತ್ರಿ ಮಾರುವವನು ಒಮ್ಮೆ ಬಂದರೆ ಮನೆಯಲ್ಲಿ ತಲೆಗಿಂತ ಛತ್ರಿ ಹೆಚ್ಚಾಗುತ್ತಿತ್ತು. ನೆಲದ ಮೇಲಾದರೆ ಅದು ನಗುವ ಸಂಗತಿ. ಅಷ್ಟು ಆಳದಲ್ಲಿ, ಯಾರೋ ‘ಇನ್ನೂ ಸ್ವಲ್ಪ ಕೆಳಗೆ ಹೋಗೋಣ’ ಎಂದು ಸನ್ನೆ ಮಾಡಿದರೆ? ಈ ಹುಡುಗಿ ತಲೆಯಾಡಿಸಿಬಿಟ್ಟರೆ?

ಮರುದಿನ ಅತ್ತೆ ಹೊಲಿಗೆ ಬಿಟ್ಟು ನೇರ ಸೊಸೆಗೆ ಡೈವಿಂಗ್ ಕಲಿಸಿದ ಮೇಡಂ ಅಂಗಡಿಗೆ ಹೋದರು. ಒಳಗೆಲ್ಲ ರಬ್ಬರಿನ ವಾಸನೆ. ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಸಿಲಿಂಡರುಗಳು. ಮೂಲೆಯಲ್ಲಿ ಗಾಳಿ ತುಂಬುವ ಯಂತ್ರ ಗುರುಗುಟ್ಟುತ್ತಿತ್ತು. ಮೇಡಂ ಅದನ್ನು ನಿಲ್ಲಿಸಿ, ಕುರ್ಚಿಯ ಮೇಲಿದ್ದ ಒದ್ದೆ ಕೈಚೀಲ ತೆಗೆದಿಟ್ಟರು.

“ನೋಡಿ ಮೇಡಂ, ನನ್ನ ಸೊಸೆಗೆ ಇನ್ನು ಮುಂದೆ ಗಾಳಿ ತುಂಬಿ ಕೊಡಬೇಡಿ” ಎಂದರು ಅತ್ತೆ, ಕೂರದೆಯೇ.

“ಕೂತ್ಕೊಂಡೇ ಬೈಯಿರಿ ಅಮ್ಮ. ನಿಂತು ಬೈದರೆ ಬೇಗ ಸುಸ್ತಾಗುತ್ತೆ.”

ಅತ್ತೆ ಕೂತರು. “ಅವಳಿಗೆ ಇದೆಲ್ಲ ಯಾಕೆ? ಅವಳಿಗೆ ತಿಳೀತದಾ?”

“ತಿಳಿಯೋದಾ? ಕೋರ್ಸಿಗೆ ಬರೋಕೆ ಮುಂಚೆ ಎಷ್ಟು ವರ್ಷ ಸಾಮಾನ್ಯ ಡೈವಿಂಗ್ ಮಾಡಿದಾಳೆ! ನಾನು ಎಲ್ಲರನ್ನೂ ಸೇರಿಸಿಕೊಳ್ಳಲ್ಲ. ನೀರಿನ ಮಧ್ಯೆ ಮೇಲೂ ಹೋಗದೆ, ಕೆಳಗೂ ಜಾರದೆ, ನಿಂತ ಹಾಗೆ ನಿಲ್ಲೋಕೆ ಬರಬೇಕು. ಡಾಕ್ಟರ ಹತ್ರ ತಪಾಸಣೆ ಮಾಡಿಸಿಕೊಂಡು ಬರಬೇಕು. ಇವಳು ಎರಡೂ ಮಾಡಿದ್ಲು. ಕಣ್ಣಿಗೆ ಏನೂ ಕಾಣದ ಹಾಗೆ ಮಾಡಿ, ಒಂದು ಸಿಲಿಂಡರಿನ ಗಾಳಿ ಬಂದ್ ಮಾಡಿದ್ರೆ, ಇನ್ನೊಂದಕ್ಕೆ ಕೈ ಹೋಗೋದು ನೋಡಬೇಕಿತ್ತು ನೀವು. ಅಷ್ಟು ಸಮಾಧಾನ ನನಗೇ ಇರಲಿಲ್ಲ ಅವಳ ವಯಸ್ಸಲ್ಲಿ.”

ಅತ್ತೆಗೆ ಒಳಗೊಳಗೇ ಹಿಗ್ಗಾಯಿತು. ಮುಖದಲ್ಲಿ ತೋರಿಸಲಿಲ್ಲ. “ಕೈ ಚುರುಕು ಗೊತ್ತು ನನಗೆ. ಅವಳ ಬಾಯಿ ಮೆತ್ತಗೆ. ಅದೇ ಭಯ. ಆ ತಿಮಿಂಗಿಲ ಯಾರೋ ಏನೋ, ಮೊದಲ ದಿನವೇ ಕ್ರೇನ್ ಅಂತೆ.”

ಮೇಡಂ ಮುಖ ಗಂಭೀರವಾಯಿತು. “ಆ ಆಳ ಅವಳು ಕಲಿತ ಮಿತಿಯೊಳಗೇ ಇದೆ. ಆದ್ರೆ ಹೊಸ ಜೊತೆಗಾರರ ಸಂಗಡ ಮೊದಲನೇ ಸಲ ಅಲ್ಲಿಗೆ ಹೋಗಬಾರದು. ಮೊದಲು ಮೇಲಿನ ನೀರಲ್ಲಿ, ದಡದ ಹತ್ರ ಸುಮ್ನೆ ಜೊತೆಗೆ ಓಡಾಡಬೇಕು. ಅವರ ಸಾಮಾನು ನಮಗೆ, ನಮ್ಮದು ಅವರಿಗೆ ತಿಳಿದಿರಬೇಕು. ಇಬ್ಬರೂ ಒಂದೇ ಮಟ್ಟದ ತರಬೇತಿ ಪಡೆದಿರಬೇಕು. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಇಬ್ಬರಲ್ಲಿ ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ, ಇವತ್ತು ಬೇಡ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ. ಇನ್ನೊಬ್ರು ಕಾರಣ ಕೇಳೋ ಹಾಗಿಲ್ಲ.”

“ಅನ್ನಬಹುದು ಸರಿ. ಇವಳು ಅಂತಾಳಾ?”

“ಅದು ನನಗೂ ಗೊತ್ತಿಲ್ಲ ಅಮ್ಮ. ನಾನು ತಡೆದ್ರೆ ಇವತ್ತೊಂದಿನ ನಿಲ್ತಾಳೆ. ನಾಳೆ ಬೇರೆ ಯಾವುದೋ ನೀರಲ್ಲಿ ನಾನಿರಲ್ಲ, ನೀವೂ ಇರಲ್ಲ. ಭಾನುವಾರ ಬನ್ನಿ. ನಾನೂ ಅಲ್ಲೇ ಇರ್ತೀನಿ.”

ಭಾನುವಾರ ಗಣಿಯ ಅಂಚಿನ ಬೆಂಚಿನ ಮೇಲೆ ಅತ್ತೆ ಕೈಕಟ್ಟಿ ಕೂತರು. ನೀರು ಕಡುಹಸಿರಾಗಿ, ಒಂದಿಷ್ಟೂ ಅಲುಗದೆ ಮಲಗಿತ್ತು. ತಿಮಿಂಗಿಲ ಬಂದ. ಎತ್ತರದ ಆಳು, ಗಟ್ಟಿ ದನಿ. ಜೊತೆಗೆ ಕ್ಯಾಮೆರಾ ಹಿಡಿದ ಗೆಳೆಯರು. “ಏನಮ್ಮ, ಕಳಿಸಿಕೊಡೋಕೆ ಬಂದ್ರಾ?” ಎಂದು ಅತ್ತೆಯನ್ನು ಕೇಳಿದ.

“ಕರ್ಕೊಂಡು ಹೋಗೋಕೆ ಬಂದೆ” ಎಂದರು ಅತ್ತೆ.

ಸೊಸೆ ಸಾಮಾನು ಜೋಡಿಸತೊಡಗಿದಳು. ಬೆನ್ನಿಗೆ ಎರಡು ಸಿಲಿಂಡರ್. ಪಕ್ಕಕ್ಕೆ ಸಿಕ್ಕಿಸಿಕೊಳ್ಳಲು ಇನ್ನೊಂದು. ಮೇಲೆ ಬರುವಾಗ ನಿಂತು ಕಾಯುವ ಹೊತ್ತಿಗೆ ಉಸಿರಾಡಲು ಅದು, ಅದರಲ್ಲಿ ಆಮ್ಲಜನಕ ಹೆಚ್ಚು. ಒಂದು ಪುಟ್ಟ ಮೀಟರು ತೆಗೆದು ಪ್ರತಿ ಸಿಲಿಂಡರಿಗೂ ಹಿಡಿದಳು. ಒಳಗೆ ಆಮ್ಲಜನಕ ಎಷ್ಟಿದೆ ಎಂದು ಓದಿ, ಅದನ್ನು ಎಷ್ಟು ಆಳದವರೆಗೆ ಉಸಿರಾಡಬಹುದು ಎಂದು ಟೇಪಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಆವತ್ತಿನ ತಾರೀಖು ಹಾಕಿ ಅಂಟಿಸಿದಳು. ಹೊಲಿಗೆಗೆ ಮುಂಚೆ ಎರಡೆರಡು ಸಲ ಅಳೆಯುವ ಅತ್ತೆಗೆ ಅದು ಹಿಡಿಸಿತು.

“ಈಗ ನಿಮ್ಮದು” ಎಂದು ಸೊಸೆ ಮೀಟರನ್ನು ತಿಮಿಂಗಿಲದತ್ತ ಚಾಚಿದಳು.

“ನನ್ನದಕ್ಕೆ ಬೇಡ. ತುಂಬಿದವನು ನೋಡಿರ್ತಾನೆ.”

“ಟೇಪಿನ ಮೇಲೆ ಹಳೇ ತಾರೀಖಿದೆ.”

“ಅದೇ ಗಾಳಿನೇ ತುಂಬಿಸೋದು ಯಾವಾಗಲೂ. ನಿಮ್ಮ ವಯಸ್ಸಿಗಿಂತ ಹೆಚ್ಚು ಸಲ ನೀರಿಗೆ ಇಳಿದಿದೀನಿ ಕಣ್ರೀ. ಬೇಗ, ಬಿಸಿಲು ನೆತ್ತಿಗೆ ಬರ್ತಾ ಇದೆ.”

ಸೊಸೆ ಮೀಟರು ಹಿಡಿದೇ ನಿಂತಳು. “ಆಮ್ಲಜನಕ ಹೆಚ್ಚಿರೋದನ್ನ ಆಳದಲ್ಲಿ ಉಸಿರಾಡಿದ್ರೆ ಫಿಟ್ಸ್ ಬರುತ್ತೆ. ಬಾಯಿಂದ ಉಸಿರಿನ ಕೊಳವೆ ಜಾರಿಹೋಗುತ್ತೆ. ಒಂದೇ ನಿಮಿಷದ ಕೆಲಸ, ನೋಡಿಬಿಡೋಣ.”

“ಲಿಫ್ಟ್ ರಿಪೇರಿ ಮಾಡೋರಿಗೆ ಗುಂಡಿ ಕಂಡ್ರೆ ಹೆದರಿಕೆನಾ?”

ಗೆಳೆಯರು ಗೊಳ್ಳೆಂದರು. ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಆ ಮುಖ ಅವರಿಗೆ ಗೊತ್ತಿತ್ತು. ಛತ್ರಿಯವನ ಮುಂದೆ ನಿಂತಾಗಲೂ ಹೀಗೇ ಕೆಂಪಾಗುತ್ತಿತ್ತು, ಆಮೇಲೆ ಕತ್ತು ತಾನಾಗಿ ‘ಆಯ್ತು’ ಎಂದು ಬಾಗುತ್ತಿತ್ತು. ಅತ್ತೆಯ ಕಾಲು ಎದ್ದು ನಿಲ್ಲಲು ಹವಣಿಸಿತು. ಪಕ್ಕದಲ್ಲಿದ್ದ ಮೇಡಂ ಅವರ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು.

“ಲಿಫ್ಟ್ ಗುಂಡಿಗೆ ಇಳಿಯೋ ಮುಂಚೆ ಕರೆಂಟ್ ತೆಗೆದಿದೆಯಾ ಅಂತ ನಾನೇ ನೋಡ್ತೀನಿ ಸಾರ್. ಬೇರೆಯವರು ತೆಗೆದಿರ್ತಾರೆ ಅಂತ ಇಳಿಯಲ್ಲ” ಎಂದಳು ಸೊಸೆ. ಮೀಟರನ್ನು ಚೀಲದೊಳಗಿಟ್ಟಳು. “ನಾನು ಇವತ್ತು ಇಳಿಯಲ್ಲ.”

“ಅಂದ್ರೆ? ನನ್ನ ಮೇಲೆ ನಂಬಿಕೆ ಇಲ್ವಾ?”

“ಕಾರಣ ಕೇಳಬಾರದು ಅಂತ ನಿಮಗೂ ಕಲಿಸಿರ್ತಾರೆ ಅಲ್ವಾ?”

ಅಷ್ಟು ಹೇಳಿ ಅವಳು ಬೆನ್ನಿನ ಪಟ್ಟಿ ಬಿಚ್ಚತೊಡಗಿದಳು. ಯಾರೂ ನಗಲಿಲ್ಲ. ತಿಮಿಂಗಿಲ ಏನೇನೋ ಗೊಣಗಿ, ಸಾಮಾನು ಗಾಡಿಗೆ ಎತ್ತಿಹಾಕಿ ಹೊರಟೇಹೋದ. ಅವನ ಸಿಲಿಂಡರಿನಲ್ಲಿ ಏನಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸರಿಯಾದ ಗಾಳಿಯೇ ಇದ್ದಿರಬಹುದು. ಗೊತ್ತಿಲ್ಲ ಅನ್ನುವುದೇ ಇಳಿಯದಿರಲು ಸಾಕಾದ ಕಾರಣ.

ಸೊಸೆ ಬಂದು ಬೆಂಚಿನ ತುದಿಗೆ ಕೂತಳು. “ಎಲ್ಲರ ಮುಂದೆ ಮಾನ ಹೋಯ್ತು ಅತ್ತೆ.”

“ಯಾರದು?” ಎಂದರು ಅತ್ತೆ. “ನಮ್ಮದಂತೂ ಅಲ್ಲ.” ಇದೇ ಹುಡುಗಿ ನೀರಿಗೆ ಇಳಿಯಬಾರದೆಂದು ಹಟ ಹಿಡಿದು ಬಂದಿದ್ದರು. ಈಗ ಅವಳು ಇಳಿಯದೆ ಎದುರಿಗೆ ಕೂತಿದ್ದಾಗ, ಅವಳು ಎಲ್ಲಿ ಬೇಕಾದರೂ ಇಳಿಯಲಿ ಅನ್ನಿಸುತ್ತಿತ್ತು. ಬೇಡ ಅನ್ನಲು ಬರುತ್ತದೆ ಇವಳಿಗೆ. ಎಲ್ಲರೂ ನಗುತ್ತಿರುವಾಗಲೂ ಬರುತ್ತದೆ!

ಮೇಡಂ ಸೊಸೆಯ ಕೈಕುಲುಕಿದರು. “ಇವತ್ತಿನ ಡೈವ್ ಚೆನ್ನಾಗಾಯ್ತು” ಎಂದರು.

ಆಗ ದಡದಲ್ಲಿ ಸಾಮಾನು ಒಣಗಿಸುತ್ತಿದ್ದ ಒಬ್ಬರು ಹತ್ತಿರ ಬಂದರು. ತೆಳ್ಳಗಿನ ಮನುಷ್ಯ, ಪೋಸ್ಟ್‌ಮ್ಯಾನ್. ಮೇಡಂ ಬಳಿ ಹಿಂದಿನ ವರ್ಷ ಅದೇ ಕೋರ್ಸ್ ಮಾಡಿದವರು.

“ಕ್ಷಮಿಸಿ, ನೀವು ಮಾತಾಡಿದ್ದು ಕಿವಿಗೆ ಬಿತ್ತು. ನಾನೂ ಜೊತೆ ಹುಡುಕ್ತಾ ಇದೀನಿ. ಬೇಡ ಅನ್ನೋಕೆ ಬರೋರೇ ಸಿಕ್ತಿರಲಿಲ್ಲ. ದಡದ ಹತ್ರದ ನೀರಲ್ಲಿ ಒಂದಿಷ್ಟು ದಿನ ಅಭ್ಯಾಸ ಮಾಡೋಣ್ವಾ? ಕ್ರೇನ್ ಎಲ್ಲಿಗೂ ಓಡಿಹೋಗಲ್ಲ.”

ಸೊಸೆ ಉತ್ತರಿಸುವ ಮುಂಚೆ ಅತ್ತೆಯ ತನಿಖೆ ಶುರುವಾಯಿತು. “ನಿಮ್ಮ ಸಿಲಿಂಡರ್ ನೀವೇ ಅಳೀತೀರಾ?”

“ಅಳೀತೀನಮ್ಮ.”

“ಇವಳ ಎದುರಿಗೆ?”

“ಬೇಕಾದ್ರೆ ನಿಮ್ಮ ಎದುರಿಗೂ.”

“ಮನೆಯಲ್ಲಿ ಹೇಳಿ ಬಂದಿದೀರಾ?”

“ಹೆಂಡತಿ ಕಾರಲ್ಲೇ ಕೂತಿದಾಳೆ. ನಿಮ್ಮ ಹಾಗೇನೇ, ಕರ್ಕೊಂಡು ಹೋಗೋಕೆ ಬಂದಿರೋದು.”

ಹಾಗೆ ಶುರುವಾಯಿತು ಅವರ ಜೊತೆ. ಎಷ್ಟೋ ವಾರ ಇಬ್ಬರೂ ದಡದ ಹತ್ತಿರದ ನೀರಿನಲ್ಲೇ ಇದ್ದರು. ಒಬ್ಬರ ಗಾಳಿ ಮುಗಿದಂತೆ ನಟಿಸಿ ಇನ್ನೊಬ್ಬರ ಕೊಳವೆ ಹಂಚಿಕೊಳ್ಳುವುದು, ಕೈಸನ್ನೆಯಲ್ಲೇ ಮಾತಾಡುವುದು, ದಾರಿಗೆ ಕಟ್ಟಿದ ದಾರ ಹಿಡಿದು ಕಣ್ಣುಮುಚ್ಚಿ ಹಿಂತಿರುಗುವುದು. ದಡದಲ್ಲಿ ಅತ್ತೆ ಮತ್ತು ಪೋಸ್ಟ್‌ಮ್ಯಾನ್ ಹೆಂಡತಿ ಎರಡು ಕುರ್ಚಿ ಹಾಕಿಕೊಂಡು ಊರಿನ ಸುದ್ದಿಯೆಲ್ಲ ಮುಗಿಸಿದರು. ರಜೆ ಸಿಕ್ಕ ದಿನ ಮಗನೂ ಬಂದು ಸಿಲಿಂಡರ್ ಹೊತ್ತ.

ಕೊನೆಗೆ ಕ್ರೇನಿಗೆ ಹೋಗುವ ದಿನ ಗೊತ್ತಾಯಿತು. ಎಲ್ಲ ಅಳೆದಾಯಿತು, ಬರೆದಾಯಿತು, ಒಬ್ಬರದನ್ನೊಬ್ಬರು ನೋಡಿದ್ದಾಯಿತು. ನೀರಿಗೆ ಕಾಲಿಟ್ಟ ಪೋಸ್ಟ್‌ಮ್ಯಾನ್ ಒಂದು ಗಳಿಗೆ ನಿಂತು, “ಇವತ್ತು ಬೇಡ” ಎಂದರು.

“ಆಯ್ತು” ಎಂದಳು ಸೊಸೆ. ಯಾಕೆ ಎಂದು ಕೇಳಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಇಬ್ಬರೂ ತಿರುಗಿ ದಡ ಹತ್ತಿದರು. ಅತ್ತೆ ಎದ್ದು ತಮ್ಮ ಕುರ್ಚಿಯನ್ನೇ ಪೋಸ್ಟ್‌ಮ್ಯಾನ್‌ಗೆ ಬಿಟ್ಟುಕೊಟ್ಟರು.

ಆವತ್ತು ಸಂಜೆ ಸೀಟು ಕವರಿಗೆ ಅಳತೆ ಕೊಡಲು ಬಂದ ಗಿರಾಕಿ ಕೇಳಿದ, “ಏನಮ್ಮ, ಸೊಸೆ ಕ್ರೇನ್ ಮುಟ್ಟಿ ಬಂದ್ಲಾ?”

“ಇಲ್ಲ, ಸುಮ್ನೆ ವಾಪಸ್ ಬಂದ್ಲು” ಎಂದರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ. “ಇಬ್ಬರೂ ವಾಪಸ್ ಬಂದ್ರು!” ಚಿನ್ನದ ಪದಕ ಗೆದ್ದು ಬಂದವರ ಸುದ್ದಿಯನ್ನು ಹೀಗೆ ಹೇಳುತ್ತಾರೆ. ಒಳಗೆ ಕೂತಿದ್ದ ಸೊಸೆಗೂ ಅದು ಕೇಳಿಸಿತು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಆಳದ ನೀರು ಕರೆಯುತ್ತಿದ್ದರೆ ಅವಸರ ಬೇಡ. ಮೊದಲು ಸಾಮಾನ್ಯ ಡೈವಿಂಗ್‌ನಲ್ಲಿ ಚೆನ್ನಾಗಿ ಪಳಗಿ, ಡಾಕ್ಟರನ್ನು ಕಂಡು ಬನ್ನಿ. ಇಷ್ಟು ಕಲಿತಿರಾ, ಅಷ್ಟು ಕಲಿತಿರಾ ಎಂದು ತಿರುಗಿ ಪ್ರಶ್ನೆ ಕೇಳುವ ಗುರುವನ್ನೇ ಹುಡುಕಿ. ಜೊತೆಗಾರರು ಅಲ್ಲೇ ಸಿಗುತ್ತಾರೆ, ತರಬೇತಿ ಕೇಂದ್ರದಲ್ಲಿ, ಅಭ್ಯಾಸದ ದಡದಲ್ಲಿ. ಫೋನಿನಲ್ಲಿ ಸಿಕ್ಕರೂ ತಪ್ಪಿಲ್ಲ, ಮೊದಲು ದಡದ ನೀರಿನಲ್ಲಿ ಅವರನ್ನು ಅರಿತುಕೊಳ್ಳಿ. ನಿಮ್ಮ ಗಾಳಿಯನ್ನು ನೀವೇ ಅಳೆಯಿರಿ, ಅವರದನ್ನು ಎದುರಿಗೇ ಅಳೆಸಿ. ಮನೆಯವರೇ, ನೀವೂ ಬೈಯುವ ಮೊದಲು ಒಮ್ಮೆ ದಡಕ್ಕೆ ಬಂದು ನೋಡಿ.

ಮತ್ತೆ, ಒಂದು ದಿನ ಸುಮ್ಮನೆ ‘ಇವತ್ತು ಬೇಡ’ ಎಂದು ನಿಮ್ಮ ಜೊತೆಗಾರರಿಗೆ ಹೇಳಿ. ‘ಆಯ್ತು’ ಎಂದು ಅವರು ಪಟ್ಟಿ ಬಿಚ್ಚತೊಡಗಿದರೆ, ಅವರ ಜೊತೆ ಧೈರ್ಯವಾಗಿ ಇಳಿಯಿರಿ.