ಮೂರು ನೀಲಿ ಗುಂಡು

"ಮೂರೂ ಎದ್ವು, ಬಾ ನೋಡವಾ!" ಸತ್ಯಪ್ಪ ಮಂಚದ ಮೇಲಿಂದ ಕೂಗಿದ.

ಮಗಳು ಪ್ರಮಿಳಾ ಓಡಿ ಬಂದಾಗ ಪ್ಲಾಸ್ಟಿಕ್ ಡಬ್ಬಿಯೊಳಗಿನ ನೀಲಿ ಗುಂಡುಗಳು ಕೆಳಗಿಳಿಯುತ್ತಿದ್ದವು. ಹೃದಯದ ವಾಲ್ವ್ ಬದಲಿಸಿದ ಡಾಕ್ಟರು ಕೊಟ್ಟದ್ದು ಅದು. ನಳಿಕೆ ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಗುಂಡುಗಳು ಮೇಲೇಳಬೇಕು. ಮೂರೂ ಎದ್ದರೆ ಖಾನಾಪುರದಾಚೆಯ ತಮ್ಮೂರು ಹಲಸಿಗೆ ಹೋಗಬಹುದು, ಅಲ್ಲಿಯವರೆಗೆ ಹಿಂದವಾಡಿಯ ಮಗಳ ಮನೆಯೇ ಗತಿ. ಕುರಿಗಳ ಹಿಂದೆ ಅಡವಿ ಸುತ್ತಿದ ಮನುಷ್ಯನಿಗೆ ಮೂರನೇ ಅಂತಸ್ತಿನ ಆ ಕೋಣೆ ಬೋನೇ ಸರಿ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಆರೈಕೆಗೆ ಬಂದ ಹೆಂಡತಿ ಸಾತವ್ವನ ಪಾಡೂ ಅಷ್ಟೇ. ಚಮಚ ಎಲ್ಲಿಡಬೇಕೆಂದು ಇನ್ನೂ ಮಗಳನ್ನೇ ಕೇಳುತ್ತಿದ್ದಳು.

"ಶಾಣ್ಯಾ ಆದಿ ಬಿಡಪಾ. ನಾಳೆನ ಗಾಡಿ ಹೇಳತೀನಿ," ಎಂದು ಪ್ರಮಿಳಾ ಕೆಲಸಕ್ಕೆ ಹೊರಟಳು. ಖುಷಿಗೆ ಸಾತವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗಲೇ ಕಂಬಳಿ ಮಡಿಚಿ ಚೀಲಕ್ಕೆ ತುಂಬಿದಳು.

ಆಮೇಲೆ ಗಂಡನ ಬೆನ್ನು ಒರೆಸುವಾಗ ಅವಳ ಕೈ ನಿಂತಿತು. ಕೆಮ್ಮುವ ಕುರಿಯ ಪಕ್ಕೆಗೆ ಕಿವಿ ಇಟ್ಟು ಕೇಳುವುದು ಅವಳ ರೂಢಿ. ಇವನ ಬೆನ್ನಿಗೂ ಇಟ್ಟಳು. ಒಳಗೆ ಕಫದ ಗೊರಗೊರ.

"ನಾನೂ ನೋಡ್ತೀನಿ, ಇನ್ನೊಮ್ಮೆ ಎಬ್ಬಸ್ರಿ. ನೀರು ತಂದ ಬಂದೆ," ಎಂದು ಹೊರಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು.

ಸತ್ಯಪ್ಪ ನಳಿಕೆ ಮುಟ್ಟಲೇ ಇಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿದ. ಗುಂಡುಗಳು ನೆತ್ತಿಯ ತುದಿಗೆ ಜಾರಿದವು. ತಟ್ಟನೆ ನೆಟ್ಟಗೆ ಹಿಡಿದು ಕೂಗಿದ: "ಎದ್ವು, ಬಾ!"

ಸಾತವ್ವನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಒಳಗೆ ಬಂದ ಅವಳ ಮುಖ ನೋಡಿದ್ದೇ ಸತ್ಯಪ್ಪ ತಲೆ ತಗ್ಗಿಸಿದ.

"ಉಸರ ಎಳದ್ರ ಎದಿ ಹೊಲಿಗಿ ಹರದಂಗ ಆಗತೈತಿ. ಪ್ರಮಿಳಾಗ ಹೇಳಬ್ಯಾಡ. ಊರಿಗೆ ಹೋದ್ರ ಎಲ್ಲಾ ಸರಿ ಆಗತೈತಿ. ನಿನಗೂ ಇಲ್ಲಿ ಸಾಕಾಗೇತಲ್ಲ?"

"ಸಾಕಾಗೇತಿ," ಎಂದಳು. "ಗ್ವಾಡಿ ನೋಡಿ ನೋಡಿ ಹುಚ್ಚ ಹಿಡಿಯೂದೊಂದ ಬಾಕಿ."

ಹೊಲಿಗೆಗೆ ಆಸರೆಯಾಗಲೆಂದು ದಿಂಬನ್ನು ಅವನ ಎದೆಗೆ ಒತ್ತಿ ಹಿಡಿದಳು. ನಳಿಕೆಯನ್ನು ಬಾಯಿಗಿಟ್ಟಳು. "ಎಳೀರಿ."

ಅವನು ಎಳೆದ. ಕಣ್ಣಲ್ಲಿ ನೀರು ತುಂಬಿತು. ಮೊದಲ ಗುಂಡು ಬೆರಳಗಲ ಎದ್ದು, ನಡುಗಿ, ಕೂತುಬಿಟ್ಟಿತು. ಉಳಿದೆರಡು ಅಲುಗಲಿಲ್ಲ.

ಸಾತವ್ವ ಚೀಲ ಬಿಚ್ಚಿದಳು. ಕಂಬಳಿ ಕೊಡವಿ, ಮಂಚದ ಪಕ್ಕದಲ್ಲಿ, ದಿನಾ ತಾನು ಮಲಗುವ ಜಾಗದಲ್ಲಿ ಮತ್ತೆ ಹಾಸಿದಳು.